ಹಿಮನದಿಯ ಲೆಕ್ಕ ಮುಗಿಯುವ ತಿಂಗಳು

ಸ್ವಿಟ್ಜರ್ಲೆಂಡ್ ಪ್ರವಾಸಕ್ಕೆ ಹೋಗುವ ನಮ್ಮವರಲ್ಲಿ ಅನೇಕರು ಮಕ್ಕಳ ಬೇಸಿಗೆ ರಜೆ ನೋಡಿಕೊಂಡು ಏಪ್ರಿಲ್-ಮೇ ತಿಂಗಳಲ್ಲಿ ಹೊರಡುತ್ತಾರೆ. ಇಂಟರ್‌ಲಾಕೆನ್‌ನಲ್ಲಿ ತಂಗಿ, 1912ರಿಂದ ಓಡುತ್ತಿರುವ ಬೆಟ್ಟದ ರೈಲು ಹತ್ತಿ, 3,454 ಮೀಟರ್ ಎತ್ತರದ ಯುಂಗ್‌ಫ್ರಾಯೋಖ್ ನಿಲ್ದಾಣದಲ್ಲಿ ಇಳಿಯುತ್ತಾರೆ. ಗಾಜಿನಾಚೆ ಹರಡಿಕೊಂಡ ಬಿಳುಪನ್ನು ಕಣ್ತುಂಬಿಕೊಂಡು, ಫೋಟೊ ತೆಗೆಸಿಕೊಂಡು ಸಂಜೆಯೊಳಗೆ ಕೆಳಗೆ ಬರುತ್ತಾರೆ. ಅಲ್ಲಿಂದ ದಕ್ಷಿಣಕ್ಕೆ ಕಾಣುವ ಆ ಬಿಳಿಯ ಬಯಲು ಆಲ್ಪ್ಸ್ ಪರ್ವತಗಳ ಅತಿ ಉದ್ದದ ಹಿಮನದಿಯಾದ ಮಹಾ ಆಲೆಚ್‌ನ ತಲೆಭಾಗ. ನೋಡಿದವರ ಮನಸ್ಸಿನಲ್ಲಿ ಉಳಿಯುವುದು ಒಂದೇ ಮಾತು: ಹಿಮ ಕರಗುತ್ತಿದೆ ಅನ್ನುತ್ತಾರಲ್ಲ, ಇಲ್ಲಿ ಇಷ್ಟೊಂದು ಇದೆಯಲ್ಲ! ಅವರ ಕಣ್ಣು ಸುಳ್ಳು ಹೇಳಿಲ್ಲ. ಆದರೆ ಹಿಮನದಿಯ ಸ್ಥಿತಿ ತಿಳಿಯಲು ಅದು ತಕ್ಕ ಜಾಗವೂ ಅಲ್ಲ, ತಕ್ಕ ತಿಂಗಳೂ ಅಲ್ಲ. ನನ್ನ ವಾದ ಇಷ್ಟು: ಹಿಮನದಿಯನ್ನು ನೋಡಬೇಕಾದ ಕಾಲ ಶರತ್ಕಾಲ, ನೋಡಬೇಕಾದ ಜಾಗ ಅದರ ಕೆಳಹರಿವಿನ ಪಕ್ಕಕ್ಕೆ ಚಾಚಿಕೊಂಡ ಬೆಟ್ಟದ ಏಣು, ನೋಡಬೇಕಾದ ರೀತಿ ಇಡೀ ಹಗಲು ನಡೆಯುತ್ತ.

ಆಲೆಚ್‌ಗೆ ಅಂಥದೊಂದು ಏಣಿದೆ. ಹಿಮನದಿ ಯುಂಗ್‌ಫ್ರಾ ಶಿಖರದ ಬೆನ್ನಿನಿಂದ ಹೊರಟು, ದೊಡ್ಡದೊಂದು ತಿರುವು ತೆಗೆದುಕೊಂಡು, ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ವಾಲೇ ಪ್ರಾಂತದ ಕಡೆಗೆ ಇಳಿಯುತ್ತದೆ. ಅದರ ಎಡದಂಡೆಗೆ, ಹಿಮನದಿಗೂ ರೋನ್ ನದಿಯ ಕಣಿವೆಗೂ ನಡುವೆ, ಬೆಟ್ಟದ ಸಾಲೊಂದು ಅಡ್ಡ ನಿಂತಿದೆ. 2,065 ಮೀಟರ್ ಎತ್ತರದ ರೀಡರ್‌ಫುರ್ಕಾದಿಂದ 2,333 ಮೀಟರಿನ ಮೂಸ್‌ಫ್ಲೂವರೆಗೆ ನಿಧಾನವಾಗಿ ಏರುವ ಈ ಸಾಲು ಮುಂದೆ ಬೆಟ್‌ಮರ್‌ಹಾರ್ನ್, ಎಗಿಸ್‌ಹಾರ್ನ್ ಎಂಬ ಕಲ್ಲಿನ ಕೋಡುಗಳಾಗಿ ಮೂರು ಸಾವಿರ ಮೀಟರಿನ ಹತ್ತಿರಕ್ಕೆ ಹೋಗುತ್ತದೆ. ಒಂದು ಮಗ್ಗುಲಲ್ಲಿ ಹುಲ್ಲುಗಾವಲು, ಮರದ ಮನೆಗಳು, ಕೇಬಲ್ ಕಾರ್‌ನಲ್ಲಿ ತಲುಪುವ ರೀಡರಾಲ್ಪ್, ಬೆಟ್‌ಮರಾಲ್ಪ್ ಎಂಬ ಊರುಗಳು. ಇನ್ನೊಂದು ಮಗ್ಗುಲಲ್ಲಿ ನೂರಾರು ಮೀಟರ್ ಕೆಳಗೆ ಮಂಜುಗಡ್ಡೆ. ಇದರ ನೆತ್ತಿಯ ಕಾಲುದಾರಿಯಲ್ಲಿ ನಡೆಯಲು ಹಗ್ಗವೂ ಬೇಡ, ಹಿಮಗೊಡಲಿಯೂ ಬೇಡ. ಕುಮಾರಪರ್ವತವನ್ನೋ ಮುಳ್ಳಯ್ಯನಗಿರಿಯನ್ನೋ ಹತ್ತಿದ ಕಾಲುಗಳಿಗೆ ಇಲ್ಲಿನ ಕೆಳಭಾಗದ ದಾರಿ ಕಷ್ಟವಲ್ಲ. ಬೆಟ್‌ಮರ್‌ಹಾರ್ನ್‌ನಿಂದ ಎಗಿಸ್‌ಹಾರ್ನ್‌ಗೆ ಹೋಗುವ ಮೇಲಿನ ಭಾಗ ಮಾತ್ರ ಬಂಡೆ ಹಿಡಿದು ನಡೆದು ರೂಢಿಯಿರುವವರಿಗೆ.

ಶರತ್ಕಾಲವೇ ಏಕೆ? ಹಿಮವಿಜ್ಞಾನಿಗಳ ವರ್ಷ ಜನವರಿಯಲ್ಲಿ ಶುರುವಾಗುವುದಿಲ್ಲ, ಅಕ್ಟೋಬರ್ 1ರಂದು ಶುರುವಾಗಿ ಮರುವರ್ಷದ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ದೀಪಾವಳಿಗೆ ಹಳೆಯ ಲೆಕ್ಕದ ಪುಸ್ತಕ ಮುಚ್ಚಿ ಹೊಸದನ್ನು ಪೂಜಿಸುವ ವರ್ತಕರಿಗೆ ಇದು ಸುಲಭವಾಗಿ ಅರ್ಥವಾದೀತು. ಚಳಿಗಾಲದಲ್ಲಿ ಬಿದ್ದ ಹಿಮ ಜಮಾ, ಬೇಸಿಗೆಯಲ್ಲಿ ಕರಗಿಹೋದದ್ದು ಖರ್ಚು. ಮೇ ತಿಂಗಳಲ್ಲಿ ನೋಡಿದರೆ ಜಮಾ ಪುಟವಷ್ಟೇ ಕಾಣುತ್ತದೆ. ಖರ್ಚು ಇನ್ನೂ ಶುರುವೇ ಆಗಿರುವುದಿಲ್ಲ. ಆಗ ಆರೋಗ್ಯವಂತ ಹಿಮನದಿಯೂ ಸಾಯುತ್ತಿರುವ ಹಿಮನದಿಯೂ ಒಂದೇ ಬಿಳಿ ಹೊದಿಕೆಯಡಿ ಇರುತ್ತವೆ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಆ ವರ್ಷದ ಹಿಮ ಎಲ್ಲಿಯವರೆಗೆ ಉಳಿದಿದೆ, ಎಲ್ಲಿಂದ ಕೆಳಗೆ ಹಳೆಯ ಮಂಜುಗಡ್ಡೆ ಬತ್ತಲಾಗಿದೆ ಎಂಬ ಗೆರೆ ಸ್ಪಷ್ಟವಾಗಿ ಮೂಡಿರುತ್ತದೆ. ಗೆರೆಯ ಮೇಲಿನದು ಉಳಿತಾಯ, ಕೆಳಗಿನದು ನಷ್ಟ. ಈ ಗೆರೆ ಎಷ್ಟು ಮೇಲೇರಿದೆ ಎನ್ನುವುದೇ ಹಿಮನದಿಯ ಆ ವರ್ಷದ ಗತಿ.

ಅಳತೆ ಮಾಡುವವರು ಬೆಟ್ಟ ಹತ್ತುವುದೂ ಈ ದಿನಗಳಲ್ಲೇ. ಅವರ ಮುಖ್ಯ ಸಾಧನ ಒಂದು ಗಳು. ಹಬೆಯಿಂದ ಮಂಜುಗಡ್ಡೆಯಲ್ಲಿ ಹಲವು ಮೀಟರ್ ಆಳದ ತೂತು ಕೊರೆದು ಗಳುವನ್ನು ಇಳಿಬಿಡುತ್ತಾರೆ. ಸುತ್ತಲಿನ ಮಂಜುಗಡ್ಡೆ ಕರಗಿದಂತೆಲ್ಲ ಗಳು ಹೆಚ್ಚುಹೆಚ್ಚಾಗಿ ಹೊರಗೆ ಕಾಣುತ್ತದೆ. ವಸಂತದಲ್ಲಿ ಹಿಮದ ಆಳವನ್ನೂ ಸಾಂದ್ರತೆಯನ್ನೂ ಅಳೆದು ಬಂದವರು ಶರತ್ಕಾಲದಲ್ಲಿ ಹೋಗಿ ಗಳು ಎಷ್ಟು ಹೊರಬಂದಿದೆ ಎಂದು ಟೇಪು ಹಿಡಿಯುತ್ತಾರೆ. ಉಪಗ್ರಹ ಚಿತ್ರಗಳ ಈ ಕಾಲದಲ್ಲೂ ಅವುಗಳ ಲೆಕ್ಕ ಸರಿಯೇ ಎಂದು ಒರೆಗೆ ಹಚ್ಚಲು ಈ ಗಳುಗಳೇ ಬೇಕು. ಆಲೆಚ್‌ನ ಮೇಲ್ಭಾಗದ ಯುಂಗ್‌ಫ್ರಾ ಹಿಮಬಯಲಿನಲ್ಲಿ 1918ರಿಂದ ಇಂಥ ಅಳತೆ ನಡೆದುಬಂದಿದೆ. ಇಡೀ ದೇಶದ ಹಿಮನದಿಗಳ ಉದ್ದವನ್ನು ವರ್ಷವರ್ಷವೂ ದಾಖಲಿಸುವ ಪದ್ಧತಿಯನ್ನು ಫ್ರಾನ್ಸ್ವಾ ಅಲ್ಫೋನ್ಸ್ ಫೊರೆಲ್ ಎಂಬ ವಿಜ್ಞಾನಿ 1880ರ ಸುಮಾರಿಗೆ ಆರಂಭಿಸಿದರು. ಇಷ್ಟು ದೀರ್ಘವಾದ, ಇಷ್ಟು ಶ್ರದ್ಧೆಯ ದಾಖಲೆ ಜಗತ್ತಿನ ಬೇರೆ ಪರ್ವತಗಳಿಗೆ ಸಿಗುವುದು ಅಪರೂಪ.

ವಸಂತದ ನೋಟ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ 2024ಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಆ ಚಳಿಗಾಲದಲ್ಲಿ ಸ್ವಿಸ್ ಹಿಮನದಿಗಳ ಮೇಲೆ ಸರಾಸರಿಗಿಂತ ಬಹಳ ಹೆಚ್ಚು ಹಿಮ ಬಿದ್ದಿತ್ತು. ಜೂನ್‌ನಲ್ಲಿ ನೋಡಿದವರು ಹಿಮನದಿ ಚೇತರಿಸಿಕೊಂಡಿತೆಂದೇ ಭಾವಿಸಿರಬೇಕು. ಸಹಾರಾ ಮರುಭೂಮಿಯಿಂದ ಗಾಳಿ ಹೊತ್ತು ತಂದ ಧೂಳು ಆ ಹಿಮವನ್ನು ಮಸುಕಾಗಿಸಿತು. ಮಸುಕಾದ ಹಿಮ ಬಿಸಿಲನ್ನು ಹೆಚ್ಚು ಹೀರಿತು. ಜುಲೈ-ಆಗಸ್ಟ್ ತಿಂಗಳ ಬಿಸಿಲು ಉಳಿದದ್ದನ್ನು ಮುಗಿಸಿತು. ಸೆಪ್ಟೆಂಬರ್ ಕೊನೆಗೆ ಲೆಕ್ಕ ಹಾಕಿದಾಗ ದೇಶದ ಹಿಮನದಿಗಳು ತಮ್ಮ ಒಟ್ಟು ಗಾತ್ರದ ಶೇ 2.5ರಷ್ಟನ್ನು ಕಳೆದುಕೊಂಡಿದ್ದವು. ಅದಕ್ಕೂ ಮುಂಚಿನ ಎರಡು ವರ್ಷಗಳು ಇನ್ನೂ ಕಠೋರ. 2022ರಲ್ಲಿ ಶೇ 6, 2023ರಲ್ಲಿ ಶೇ 4. 1960ರಿಂದ 1990ರವರೆಗಿನ ಮೂವತ್ತು ವರ್ಷಗಳಲ್ಲಿ ಆದಷ್ಟೇ ನಷ್ಟ ಈ ಎರಡೇ ವರ್ಷಗಳಲ್ಲಿ ಆಯಿತು. 2025ರಲ್ಲಿ ಮತ್ತೆ ಶೇ 3. ಒಟ್ಟಿನಲ್ಲಿ 2015ರಿಂದ ಹತ್ತು ವರ್ಷಗಳಲ್ಲಿ ಸ್ವಿಸ್ ಹಿಮನದಿಗಳು ಹತ್ತಿರ ಹತ್ತಿರ ಕಾಲುಭಾಗ ಕರಗಿವೆ. ಆ ದೇಶದ ಮಂಜುಗಡ್ಡೆಯಲ್ಲಿ ಸುಮಾರು ಐದನೇ ಒಂದು ಪಾಲು ಆಲೆಚ್ ಒಂದರಲ್ಲೇ ಇದೆ ಎಂಬುದನ್ನು ಇದರೊಂದಿಗೆ ಸೇರಿಸಿ ಓದಬೇಕು.

ಇನ್ನು ಜಾಗದ ಮಾತು. ತುದಿಯಲ್ಲಿ, ಮೂರೂವರೆ ಸಾವಿರ ಮೀಟರ್ ಎತ್ತರದಲ್ಲಿ, ಚಳಿ ಇನ್ನೂ ಗಟ್ಟಿಯಾಗಿದೆ. ಅಲ್ಲಿ ಬಿದ್ದ ಹಿಮ ಅಲ್ಲೇ ಒತ್ತಿಕೊಂಡು ಮಂಜುಗಡ್ಡೆಯಾಗಿ, ಮೂರು ಕವಲುಗಳಲ್ಲಿ ಇಳಿದು ಕೊಂಕಾರ್ಡಿಯಾ ಎಂಬ ವಿಶಾಲ ಬಯಲಿನಲ್ಲಿ ಸಂಗಮಿಸುತ್ತದೆ. ಅಲ್ಲಿ ಮಂಜುಗಡ್ಡೆಯ ದಪ್ಪ ಸುಮಾರು 800 ಮೀಟರ್. ಸಂಗಮದಿಂದ ಕೆಳಗೆ ಹಿಮನದಿಯ ಮೈಮೇಲೆ ಉದ್ದಕ್ಕೂ ಎರಡು ಕಪ್ಪು ಪಟ್ಟಿಗಳು ಸಾಗುತ್ತವೆ. ಕವಲುಗಳು ಕೂಡಿದ ಕಡೆ ಅವುಗಳ ಅಂಚಿನ ಕಲ್ಲುಮಣ್ಣು ನಡುವೆ ಸಿಕ್ಕಿ ಹರಿದುಬಂದು ಆದ ಪಟ್ಟಿಗಳು ಅವು. ಈ ಪಟ್ಟಿಗಳ ಬಾಗು-ಬಳುಕುಗಳನ್ನು ಏಣಿನ ಮೇಲಿಂದ ಒಮ್ಮೆ ಕಂಡರೆ, ಅಲುಗದೆ ಬಿದ್ದಂತೆ ಕಾಣುವ ಈ ಗಡ್ಡೆ ಹರಿಯುತ್ತಿದೆ ಎಂದು ಯಾರೂ ಬೇರೆ ಹೇಳಬೇಕಿಲ್ಲ. ಕೊಂಕಾರ್ಡಿಯಾದ ಬಳಿ ಅದು ವರ್ಷಕ್ಕೆ ಇನ್ನೂರು ಮೀಟರ್‌ವರೆಗೂ ಸರಿಯುತ್ತದೆ. ಮೇಲಿನ ಉಳಿತಾಯ ಹೀಗೆ ಕೆಳಗೆ ಬಂದು ಖರ್ಚಾಗುತ್ತದೆ. ಆದ್ದರಿಂದ ಮೇಲ್ತುದಿಯಲ್ಲಿ ನಿಂತವರಿಗೆ ಸಂಪತ್ತು ಮಾತ್ರ ಕಾಣುತ್ತದೆ, ಅದು ಸಾಲುತ್ತಿಲ್ಲ ಎಂಬುದು ಕಾಣುವುದಿಲ್ಲ.

ಸಾಲುತ್ತಿಲ್ಲ ಎಂಬುದಕ್ಕೆ ಕೆಳಗಿನ ಏಣಿನಿಂದ ಸಿಗುವ ಮೊದಲ ಸಾಕ್ಷಿ ಎದುರು ಬೆಟ್ಟದ ಮೈಮೇಲಿದೆ. ಮಂಜುಗಡ್ಡೆಯ ಅಂಚಿನಿಂದ ನೂರಿನ್ನೂರು ಮೀಟರ್ ಮೇಲಕ್ಕೆ, ಕಣಿವೆಯ ಎರಡೂ ಗೋಡೆಗಳಲ್ಲಿ ಬೂದುಬಣ್ಣದ ಬೋಳು ಪಟ್ಟಿಯೊಂದು ಓಡುತ್ತದೆ. ಅದರ ಮೇಲಂಚು ದಾರ ಹಿಡಿದು ಎಳೆದಷ್ಟು ನೇರ. ಅಂಚಿನಾಚೆ ಹಳೆಯ ಹುಲ್ಲು, ಪಾಚಿಗಟ್ಟಿ ಕಪ್ಪಾದ ಬಂಡೆ, ಮರ. ಈಚೆ ಇನ್ನೂ ಬಣ್ಣ ಹಿಡಿಯದ ಕಲ್ಲು. 1860ರ ಸುಮಾರಿಗೆ ಮಂಜುಗಡ್ಡೆಯ ಮೇಲ್ಮೈ ಇದ್ದದ್ದು ಆ ಅಂಚಿಗೆ. ವಸಂತದ ಹಿಮ ಈ ಪಟ್ಟಿಯನ್ನು ಪೂರ್ತಿ ಮುಚ್ಚಿಬಿಡುತ್ತದೆ. ಶರತ್ಕಾಲದ ಓರೆ ಬಿಸಿಲು ಅದನ್ನು ಎತ್ತಿ ತೋರಿಸುತ್ತದೆ. ಅಂದಿನಿಂದ ಹಿಮನದಿಯ ಮೂತಿ ಮೂರು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ಉದ್ದ ಕುಗ್ಗಿದ್ದಕ್ಕಿಂತ ದಪ್ಪ ಕುಗ್ಗಿದ್ದೇ ಹೆಚ್ಚು ಗಂಭೀರ ಎಂದು ನನಗನ್ನಿಸುತ್ತದೆ, ಏಕೆಂದರೆ ಅದು ಸುದ್ದಿಯ ಫೋಟೊಗಳಲ್ಲಿ ಕಾಣುವುದಿಲ್ಲ. ಕೊಂಕಾರ್ಡಿಯಾದ ಪಕ್ಕದ ಬಂಡೆಯ ಮೇಲೆ 1877ರಲ್ಲಿ ಪರ್ವತಾರೋಹಿಗಳಿಗೆಂದು ತಂಗುಮನೆ ಕಟ್ಟಿದಾಗ ಅದು ಮಂಜುಗಡ್ಡೆಯಿಂದ ಸುಮಾರು 50 ಮೀಟರ್ ಮೇಲಿತ್ತು. ಈಗ ಮಂಜುಗಡ್ಡೆಯಿಂದ ಮನೆ ಸೇರಲು ಬಂಡೆಗೆ ಬಿಗಿದ ಕಬ್ಬಿಣದ ಮೆಟ್ಟಿಲುಗಳನ್ನು ಹತ್ತಬೇಕು. ಅವು ನಾನೂರಕ್ಕೂ ಹೆಚ್ಚಿವೆ. ಮನೆ ಮೇಲೇರಿಲ್ಲ, ನೆಲ ಇಳಿದಿದೆ; ಇಳಿದಂತೆಲ್ಲ ಮೆಟ್ಟಿಲು ಸೇರಿಸುತ್ತ ಬಂದಿದ್ದಾರೆ. 2022ರ ಒಂದೇ ಬೇಸಿಗೆಯಲ್ಲಿ ಅಲ್ಲಿ ಆರು ಮೀಟರ್ ದಪ್ಪದ ಮಂಜುಗಡ್ಡೆ ಕರಗಿತು.

ರೀಡರ್‌ಫುರ್ಕಾದ ಕಡೆಯಿಂದ ಇಳಿಯುವಾಗ ಸಿಗುವ ಆಲೆಚ್ ಕಾಡು ಎರಡನೆಯ ಸಾಕ್ಷಿ. ಹಿಂದೆ ಇಲ್ಲಿ ದನ-ಕುರಿ ಮೇಯುತ್ತಿದ್ದವು, ಮರ ಕಡಿಯುತ್ತಿದ್ದರು. 1933ರಿಂದ ಇದು ರಕ್ಷಿತ ಅರಣ್ಯ. ಅಕ್ಟೋಬರಿನಲ್ಲಿ ಇಲ್ಲಿನ ಲಾರ್ಚ್ ಮರಗಳ ಸೂಜಿಯೆಲೆಗಳು ಹೊಂಬಣ್ಣಕ್ಕೆ ತಿರುಗಿ ಉದುರುತ್ತವೆ. ಸೂಜಿಯೆಲೆಯ ಮರಗಳಲ್ಲಿ ಎಲೆ ಉದುರಿಸುವುದು ವಿರಳ. ಪಕ್ಕದಲ್ಲೇ ನಿಂತ ಅರೋಲಾ ಪೈನ್ ಹಸಿರಾಗಿಯೇ ಇರುತ್ತದೆ. ಹೀಗಾಗಿ ಯಾವ ಮರ ಎಲ್ಲಿದೆ ಎಂದು ದೂರದಿಂದಲೇ ಗುರುತಿಸಬಲ್ಲ ತಿಂಗಳು ಇದೊಂದೇ. ಗುರುತಿಸಿದರೆ ತಿಳಿಯುವುದೇನು? 1860ರ ಅಂಚಿನ ಕಲ್ಲುದಿಬ್ಬದ ಮೇಲ್ಗಡೆ ಶತಮಾನಗಳಷ್ಟು ಹಳೆಯ, ಸಿಡಿಲು ತಿಂದ, ತಿರುಚಿಕೊಂಡ ಅರೋಲಾ ಪೈನ್‌ಗಳು. ದಿಬ್ಬ ದಾಟಿ ಕೆಳಗೆ ಬಂದರೆ ಮಂಜುಗಡ್ಡೆ ಬಿಟ್ಟುಹೋದ ನೆಲದಲ್ಲಿ ಎಳೆಯ ಲಾರ್ಚ್, ಬರ್ಚ್. ಇನ್ನೂ ಕೆಳಗೆ ಕುರುಚಲು ಗಿಡ. ಆಮೇಲೆ ಬರೀ ಕಲ್ಲು. ಪ್ರತಿ ಹೆಜ್ಜೆಗೂ ನೆಲದ ವಯಸ್ಸು ಕಡಿಮೆಯಾಗುತ್ತ ಹೋಗುತ್ತದೆ. ಲಾರ್ಚ್‌ನ ಹಗುರ ಬೀಜ ಗಾಳಿಯಲ್ಲಿ ಹಾರಿ ಬರಿಗಲ್ಲಿನ ಸಂದಿಯಲ್ಲೂ ಮೊಳೆಯುತ್ತದೆ. ಅರೋಲಾದ ಬೀಜ ದಪ್ಪ, ಅದಕ್ಕೆ ರೆಕ್ಕೆಯಿಲ್ಲ. ಅದನ್ನು ಹರಡುವುದು ಚುಕ್ಕೆಗಳಿರುವ ಕಂದುಬಣ್ಣದ ನಟ್‌ಕ್ರ್ಯಾಕರ್ ಎಂಬ ಹಕ್ಕಿ. ಶರತ್ಕಾಲದುದ್ದಕ್ಕೂ ಅದು ಕಾಯಿ ಬಿಡಿಸಿ, ಗಂಟಲಿನ ಚೀಲದಲ್ಲಿ ಬೀಜ ತುಂಬಿಕೊಂಡು, ಹತ್ತಾರು ಸಾವಿರ ಬೀಜಗಳನ್ನು ಚಳಿಗಾಲಕ್ಕೆಂದು ಮಣ್ಣಲ್ಲಿ ಹೂಳುತ್ತದೆ. ತಿನ್ನದೆ ಬಿಟ್ಟವು ಕಾಡಾಗುತ್ತವೆ. ಇದು ಕಣ್ಣೆದುರೇ ನಡೆಯುವ ತಿಂಗಳೂ ಅದೇ ಸೆಪ್ಟೆಂಬರ್-ಅಕ್ಟೋಬರ್.

ಮನುಷ್ಯರ ದಾಖಲೆಯೂ ಇಲ್ಲಿದೆ. ಫೀಶ್ ಮತ್ತು ಫೀಶರ್‌ಟಾಲ್ ಊರಿನವರು 1678ರಲ್ಲಿ ದೇವರಿಗೆ ಹರಕೆ ಹೊತ್ತರು: ನಾವು ಸನ್ಮಾರ್ಗದಲ್ಲಿ ನಡೆಯುತ್ತೇವೆ, ಹಿಮನದಿ ನಮ್ಮ ಮೇಲೆ ಬರದಿರಲಿ. ಅದು ಬೆಳೆಯುತ್ತಿದ್ದ ಕಾಲ. ಅದರ ಪಕ್ಕದಲ್ಲಿ ಮಂಜುಗಡ್ಡೆಯೇ ಕಟ್ಟೆಯಾಗಿ ನಿಂತು ಮೆರ್ಯೆಲೆನ್ ಸರೋವರ ತುಂಬುತ್ತಿತ್ತು. ಕಟ್ಟೆ ಒಡೆದಾಗ ಕೆಳಗಿನ ಹೊಲ-ಮನೆಗಳು ಕೊಚ್ಚಿಹೋಗುತ್ತಿದ್ದವು. ನೀರನ್ನು ಬೇರೆ ದಿಕ್ಕಿಗೆ ಹರಿಸಲು 19ನೇ ಶತಮಾನದ ಕೊನೆಯಲ್ಲಿ ಸುರಂಗ ಕೊರೆದರು. ಕೆಲಸ ಮುಗಿಯುವ ಹೊತ್ತಿಗೆ ಹಿಮನದಿ ಕುಗ್ಗತೊಡಗಿ ಸುರಂಗದ ಅಗತ್ಯವೇ ಕಡಿಮೆಯಾಯಿತು. ಮುನ್ನೂರು ವರ್ಷಕ್ಕೂ ಮೀರಿ ನಡೆದುಬಂದ ಆ ಪ್ರಾರ್ಥನೆಯನ್ನು ಬದಲಿಸಲು ಊರಿನವರು ಪೋಪ್ ಅವರ ಅನುಮತಿ ಕೇಳಿದರು. 2010ರಲ್ಲಿ ಒಪ್ಪಿಗೆ ಸಿಕ್ಕಿತು. ಈಗ ಅವರು ಬೇಡಿಕೊಳ್ಳುವುದು ಹಿಮನದಿ ಉಳಿಯಲಿ ಎಂದು. ಎದುರು ದಡದ ಬೆಲಾಲ್ಪ್‌ಗೆ ಹೋಗಲು ಹಿಂದೆ ಮಂಜುಗಡ್ಡೆಯನ್ನೇ ದಾಟುತ್ತಿದ್ದರು. ಅದು ಹಿಂದೆ ಸರಿದ ಮೇಲೆ ಉಳಿದದ್ದು ಮಾಸ್ಸಾ ಹೊಳೆಯ ಆಳವಾದ ಕೊರಕಲು. 2008ರಲ್ಲಿ ಅದರ ಮೇಲೆ 124 ಮೀಟರ್ ಉದ್ದದ ತೂಗುಸೇತುವೆ ಹಾಕಬೇಕಾಯಿತು.

ಇಲ್ಲಿಗೆ ಒಂದು ಗಟ್ಟಿಯಾದ ಆಕ್ಷೇಪ ಏಳುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಹಿಮನದಿ ಯಾವಾಗಲೂ ಬೆಳೆದಿದೆ, ಕುಗ್ಗಿದೆ, ಇದರಲ್ಲಿ ಹೊಸದೇನು? ನಿಜ. ಮಂಜುಗಡ್ಡೆಯಡಿ ಸಿಕ್ಕ ಮರದ ಕಾಂಡಗಳ ವಯಸ್ಸನ್ನು ಉಂಗುರಗಳಿಂದಲೂ ಇಂಗಾಲದ ಪರೀಕ್ಷೆಯಿಂದಲೂ ಲೆಕ್ಕ ಹಾಕಿದ ಸಂಶೋಧಕರು, ಆಲೆಚ್ 1370, 1670, 1860ರ ಸುಮಾರಿಗೆ ಮೂರು ಸಲ ಉಬ್ಬಿತ್ತೆಂದು ತೋರಿಸಿದ್ದಾರೆ. ಕಂಚಿನ ಯುಗದಲ್ಲಿ ಒಮ್ಮೆ ಅದು 20ನೇ ಶತಮಾನದ ಕೊನೆಯಲ್ಲಿದ್ದುದಕ್ಕಿಂತಲೂ ಚಿಕ್ಕದಾಗಿತ್ತು. 1860ರ ನಂತರದ ಮೊದಲ ದಶಕಗಳ ಕುಗ್ಗುವಿಕೆಯನ್ನು ಪೂರ್ತಿಯಾಗಿ ಕಾರ್ಖಾನೆಗಳ ಹೊಗೆಯ ತಲೆಗೆ ಕಟ್ಟಲೂ ಆಗುವುದಿಲ್ಲ. ಬೋಳು ಪಟ್ಟಿಯನ್ನು ತೋರಿಸಿ ಇದೆಲ್ಲ ನಮ್ಮದೇ ತಪ್ಪು ಎನ್ನುವವರು ಆಧಾರಕ್ಕಿಂತ ಹೆಚ್ಚು ಹೇಳುತ್ತಿದ್ದಾರೆ. ಆದರೆ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಜಗತ್ತಿನ ಹಿಮನದಿಗಳನ್ನೆಲ್ಲ ಒಟ್ಟಿಗೆ ಪರಿಗಣಿಸಿ ಕಂಡುಕೊಂಡದ್ದನ್ನೂ ಕೇಳಬೇಕು: 1851ರಿಂದ 2010ರವರೆಗಿನ ನಷ್ಟದಲ್ಲಿ ಮನುಷ್ಯನ ಪಾಲು ಅಂದಾಜು ಕಾಲುಭಾಗ, 1991ರಿಂದ 2010ರ ನಡುವಿನ ನಷ್ಟದಲ್ಲಿ ಮೂರನೇ ಎರಡು ಭಾಗಕ್ಕಿಂತ ತುಸು ಹೆಚ್ಚು. ಅಂದಾಜಿನಲ್ಲಿ ಹೆಚ್ಚುಕಡಿಮೆ ಇರಬಹುದು, ದಿಕ್ಕಿನಲ್ಲಿ ಅನುಮಾನವಿಲ್ಲ. ಹಿಂದಿನ ಏರಿಳಿತಗಳು ಹಿಮನದಿಯ ಸೂಕ್ಷ್ಮತೆಗೆ ಸಾಕ್ಷಿ, ಈಗಿನ ಕಾರಣಕ್ಕೆ ಅಲ್ಲ.

ಕಂಚಿನ ಯುಗದ ಮಾತಿಗೆ ಇನ್ನೊಂದು ಉತ್ತರವಿದೆ. ಇಷ್ಟು ದೊಡ್ಡ ಹಿಮನದಿ ಹವಾಮಾನಕ್ಕೆ ತಕ್ಷಣ ಹೊಂದಿಕೊಳ್ಳುವುದಿಲ್ಲ, ಅದಕ್ಕೆ ಹಲವು ದಶಕಗಳು ಬೇಕು. ನಾವಿಂದು ಕಾಣುವ ಆಲೆಚ್‌ನ ಉದ್ದ ಇಂದಿನ ಹವೆಗೆ ತಕ್ಕ ಉದ್ದವಲ್ಲ, ಹಿಂದಿನ ತಂಪು ದಶಕಗಳ ಉಳಿಕೆ. ಆದ್ದರಿಂದ ಅಂದಿನ ಉದ್ದವನ್ನು ಇಂದಿನ ಉದ್ದದ ಪಕ್ಕ ಇಟ್ಟು ಸಮಾಧಾನಪಡುವುದು ಸರಿಯಾಗದು. ಜೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಲೆಕ್ಕ ಹಾಕಿದಂತೆ, ಹವೆ ಕಳೆದ ಕೆಲವು ದಶಕಗಳ ಮಟ್ಟದಲ್ಲೇ ನಿಂತುಬಿಟ್ಟರೂ ಈ ಶತಮಾನದ ಕೊನೆಗೆ ಆಲೆಚ್ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಗಾತ್ರ ಕಳೆದುಕೊಳ್ಳುತ್ತದೆ. ತಾಪ ಏರುತ್ತಲೇ ಹೋದರೆ ಉಳಿಯುವುದು ಅಲ್ಲಲ್ಲಿ ಒಂದೆರಡು ತೇಪೆ. ವಿಚಿತ್ರವೆಂದರೆ ಇದನ್ನು ಅರ್ಥಮಾಡಿಕೊಳ್ಳುವ ಬೀಗದಕೈ ಹೊರಬಂದದ್ದು ಹಿಮನದಿ ತನ್ನ ಗರಿಷ್ಠ ಗಾತ್ರದಲ್ಲಿದ್ದ ವರ್ಷಗಳಲ್ಲೇ. ಇಂಗಾಲದ ಡೈಆಕ್ಸೈಡ್ ಶಾಖವನ್ನು ಹೀರುತ್ತದೆಂದು ಅಮೆರಿಕದ ಯೂನಿಸ್ ಫೂಟ್ 1856ರಲ್ಲಿ ಕಂಡಿದ್ದರು. ಜಾನ್ ಟಿಂಡಲ್ 1859ರಿಂದ ಅದನ್ನು ಪ್ರಯೋಗಶಾಲೆಯಲ್ಲಿ ಅಳೆದರು. ಅದೇ ಟಿಂಡಲ್ ಹಿಮನದಿಗಳ ಹರಿವನ್ನೂ ಅಧ್ಯಯನ ಮಾಡಿದವರು. 1877ರಲ್ಲಿ ಬೆಲಾಲ್ಪ್‌ನಲ್ಲಿ, ಆಲೆಚ್‌ಗೆ ಮುಖ ಮಾಡಿ, ಮನೆ ಕಟ್ಟಿಸಿಕೊಂಡು ಬೇಸಿಗೆಗಳನ್ನು ಅಲ್ಲಿ ಕಳೆದರು.

ಇನ್ನೊಂದು ಆಕ್ಷೇಪ: ಅಂಕಿಅಂಶಗಳೇ ಇರುವಾಗ ಒಂದು ದಿನದ ನಡಿಗೆಯಿಂದ ಏನು ಸಿದ್ಧವಾಗುತ್ತದೆ? ಏನೂ ಸಿದ್ಧವಾಗುವುದಿಲ್ಲ, ಒಪ್ಪುತ್ತೇನೆ. ಒಂದು ದಿನದ ನೋಟ ಹವಾಮಾನದ ಪುರಾವೆಯಲ್ಲ. ಯಾವುದೋ ಸೆಪ್ಟೆಂಬರಿನಲ್ಲಿ ಬೇಗ ಹಿಮ ಬಿದ್ದರೆ ಎಲ್ಲ ಸಾಕ್ಷಿಗಳೂ ಮುಚ್ಚಿಹೋಗಲೂಬಹುದು. ಆದರೆ ಶೇ 6 ಎಂಬ ಅಂಕಿ ಪತ್ರಿಕೆಯಲ್ಲಿ ಓದಿದಾಗ ಮನಸ್ಸಿನಲ್ಲಿ ಯಾವ ಚಿತ್ರವನ್ನೂ ಮೂಡಿಸುವುದಿಲ್ಲ. ಏಣಿನ ಮೇಲೆ ನಾಲ್ಕೈದು ಗಂಟೆ ನಡೆದವರಿಗೆ ಗಾತ್ರದ ಅಳತೆ ಕಾಲಿನಲ್ಲಿ ಕೂತಿರುತ್ತದೆ. ಎಷ್ಟು ಹೊತ್ತು ನಡೆದರೂ ಪಕ್ಕದಲ್ಲಿ ಹಿಮನದಿ ಮುಗಿಯದಿರುವುದನ್ನು ಅನುಭವಿಸಿದವರು ಮಾತ್ರ ಅದರ ನೂರಕ್ಕೆ ಆರು ಎಂದರೆ ಎಷ್ಟೆಂದು ಊಹಿಸಬಲ್ಲರು. ನಡಿಗೆ ಅಂಕಿಗೆ ಬದಲಿಯಲ್ಲ, ಅಂಕಿಯನ್ನು ಓದಲು ಬೇಕಾದ ತಯಾರಿ. ಶರತ್ಕಾಲದ ಮಂಜುಗಡ್ಡೆ ಚೆಂದವಿಲ್ಲ, ಧೂಳುಮಣ್ಣು ಮೆತ್ತಿ ಬೂದುಬೂದಾಗಿರುತ್ತದೆ ಎನ್ನುವವರೂ ಇದ್ದಾರೆ. ಹತ್ತಿರದಿಂದ ನೋಡಿದರೆ ಬಿರುಕುಗಳ ಒಳಗೋಡೆಯಲ್ಲಿ ನೀಲಿ ಬಣ್ಣ ತೋರುವುದೂ ಆಗಲೇ. ಬಿಳಿ ಹೊದಿಕೆ ಇರುವಾಗ ಆ ಬಿರುಕುಗಳು ಕಾಣುವುದೇ ಇಲ್ಲ.

ನಮಗೂ ಇದಕ್ಕೂ ಏನು ಸಂಬಂಧ ಎಂಬ ಪ್ರಶ್ನೆಗೆ ಉತ್ತರ ನಮ್ಮ ನದಿಗಳ ಹೋಲಿಕೆಯಲ್ಲೇ ಇದೆ. ಕಾವೇರಿ, ತುಂಗಭದ್ರಾ, ಕೃಷ್ಣೆ ಮಳೆಯ ನದಿಗಳು. ಮುಂಗಾರು ಕೈಕೊಟ್ಟರೆ ಅದೇ ವರ್ಷ ಗೊತ್ತಾಗುತ್ತದೆ. ರೋನ್‌ನಂಥ ನದಿಗೆ ಹಿಮನದಿ ಆಪದ್ಧನ. ಬಿಸಿಲು ಹೆಚ್ಚಾದ, ಮಳೆ ಕಡಿಮೆಯಾದ ವರ್ಷ ಅದು ಹೆಚ್ಚು ಕರಗಿ ಹೆಚ್ಚು ನೀರು ಕೊಡುತ್ತದೆ. ವಾಲೇ ಪ್ರಾಂತ ಮಳೆ ಕಡಿಮೆಯ ಸೀಮೆ. ಅಲ್ಲಿನ ರೈತರು ಶತಮಾನಗಳಿಂದ ಬಂಡೆಗೋಡೆಗಳ ಮೈಯಲ್ಲಿ ಮರದ ದೋಣಿಗಾಲುವೆ ಕಟ್ಟಿ ಹಿಮನದಿಯ ನೀರನ್ನು ಹುಲ್ಲುಗಾವಲಿಗೂ ದ್ರಾಕ್ಷಿ ತೋಟಕ್ಕೂ ತಂದಿದ್ದಾರೆ. ಆಲೆಚ್‌ನ ನೀರು ಇಂದು ಮಾಸ್ಸಾ ಹೊಳೆಯ ಅಣೆಕಟ್ಟಿನಲ್ಲಿ ನಿಂತು ವಿದ್ಯುತ್ತನ್ನೂ ಕೊಡುತ್ತದೆ. ಮಂಜುಗಡ್ಡೆ ಕರಗುವ ವರ್ಷಗಳಲ್ಲಿ ನೀರು ಹೆಚ್ಚುತ್ತದೆ, ಆದ್ದರಿಂದ ಕೊರತೆ ಬರುತ್ತಿದೆ ಎಂಬುದು ಕಾಲುವೆಯ ಬಳಿ ನಿಂತವರಿಗೆ ತಿಳಿಯುವುದಿಲ್ಲ. ಹಿಮಾಲಯದ ನದಿಗಳ ದಡದಲ್ಲಿರುವ ಕೋಟ್ಯಂತರ ಜನರ ಸ್ಥಿತಿಯೂ ಇದೇ ತರ್ಕಕ್ಕೆ ಒಳಪಟ್ಟದ್ದು.

ಅಪಾಯದ ಮಾತನ್ನು ಬಿಡುವಂತಿಲ್ಲ, ಅದೂ ವಾದದ ಒಂದು ಭಾಗವೇ. ಮಂಜುಗಡ್ಡೆ ಕಣಿವೆಯಲ್ಲಿ ತುಂಬಿದ್ದಾಗ ಅದು ಎರಡೂ ಬದಿಯ ಗೋಡೆಗಳಿಗೆ ಆನಿಕೆಯಾಗಿತ್ತು. ಇಳಿದಂತೆಲ್ಲ ಗೋಡೆಗಳು ಆಧಾರ ಕಳೆದುಕೊಳ್ಳುತ್ತವೆ. 2016ರ ಶರತ್ಕಾಲದಲ್ಲಿ ಮೂಸ್‌ಫ್ಲೂ ಕೆಳಗಿನ ಇಳಿಜಾರು ದಿನಕ್ಕೆ ಹತ್ತಾರು ಸೆಂಟಿಮೀಟರಿನಂತೆ ಜಾರತೊಡಗಿತು. ಹುಲ್ಲುನೆಲದಲ್ಲಿ ಆಳುದ್ದದ ಸೀಳುಗಳು ಬಿದ್ದವು, ಅಲ್ಲಿನ ಕಾಲುದಾರಿಗಳನ್ನು ಮುಚ್ಚಬೇಕಾಯಿತು. ನೆಲ ಸರಿಯುತ್ತದೆಂದು ಮೊದಲೇ ತಿಳಿದು, ಅದಕ್ಕೂ ಹಿಂದಿನ ವರ್ಷ ಕಟ್ಟಿದ ಕೇಬಲ್ ಕಾರ್ ನಿಲ್ದಾಣವನ್ನು ಬೇಕಾದಾಗ ಸರಿಸಿ ಹೊಂದಿಸಬಹುದಾದ ತಳಪಾಯದ ಮೇಲೆ ನಿಲ್ಲಿಸಿದ್ದಾರೆ. ಪಶ್ಚಿಮಕ್ಕೆ ನೆರೆಯ ಲೋಟ್ಶೆನ್ ಕಣಿವೆಯಲ್ಲಿ 2025ರ ಮೇ 28ರಂದು ಬೆಟ್ಟದಿಂದ ಕುಸಿದ ಬಂಡೆಗಳ ಭಾರಕ್ಕೆ ಬಿರ್ಚ್ ಹಿಮನದಿ ಕಳಚಿಬಿದ್ದು ಬ್ಲಾಟೆನ್ ಗ್ರಾಮ ಹೂತುಹೋಯಿತು. ಅಳತೆಗಾರರ ಎಚ್ಚರಿಕೆಯಿಂದ ಸುಮಾರು 300 ಜನರನ್ನು ದಿನಗಳ ಮುಂಚೆಯೇ ತೆರವುಗೊಳಿಸಿದ್ದರು, ಆದರೂ ಒಬ್ಬರು ಜೀವ ಕಳೆದುಕೊಂಡರು. ಮುಚ್ಚಿದ ದಾರಿ ಎಂದು ಬರೆದಿದ್ದರೆ ಅದನ್ನು ಅಕ್ಷರಶಃ ಪಾಲಿಸಬೇಕು.

ಹವೆಯ ವಿಷಯದಲ್ಲಿ ಆಲ್ಪ್ಸ್‌ನ ಶರತ್ಕಾಲ ಬೇಸಿಗೆಗಿಂತ ಮೇಲು. ಮಧ್ಯಾಹ್ನದ ಗುಡುಗು-ಸಿಡಿಲು ಕಡಿಮೆ, ದಿನಗಟ್ಟಲೆ ನಿಲ್ಲುವ ತಿಳಿ ಆಕಾಶ ಹೆಚ್ಚು. ಬದಲಿಗೆ ಹಗಲು ಗಿಡ್ಡ. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಸಂಜೆ ಐದು ಗಂಟೆ ದಾಟುತ್ತಲೇ ಕತ್ತಲು. ನೆರಳಿನ ಮಗ್ಗುಲಲ್ಲಿ ಕಲ್ಲಿನ ಮೇಲೆ ತೆಳುವಾಗಿ ಹೆಪ್ಪುಗಟ್ಟಿದ ನೀರು. ಎತ್ತರದ ಬೆಟ್ಟದಲ್ಲಿ ಹವೆ ಎಷ್ಟು ಬೇಗ ಕೆಡಬಲ್ಲದು ಎಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋದ, ಕರ್ನಾಟಕದವರೇ ಹೆಚ್ಚಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ ಒಂಬತ್ತು ಜನ ತೀರಿಕೊಂಡರು. ಆಲೆಚ್‌ನ ಏಣು ಅಷ್ಟು ಎತ್ತರದ್ದಲ್ಲ, ಅಷ್ಟು ಒಂಟಿಯೂ ಅಲ್ಲ. ಆದರೂ ಬೆಚ್ಚನೆಯ ಬಟ್ಟೆ, ತಲೆದೀಪ, ಕೊನೆಯ ಕೇಬಲ್ ಕಾರ್ ಹೊರಡುವ ಸಮಯ, ಇವಿಷ್ಟು ಇಲ್ಲದೆ ಹೊರಡಬಾರದು.

ಕೊನೆಯ ಆಕ್ಷೇಪವೇ ಎಲ್ಲಕ್ಕಿಂತ ಭಾರವಾದದ್ದು: ಹಿಮನದಿ ನೋಡಲು ವಿಮಾನ ಹತ್ತುವುದೇ ಅದನ್ನು ಕರಗಿಸುವುದಲ್ಲವೆ? ಹೌದು. ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಕಾಲಾಂತರದಲ್ಲಿ ಸುಮಾರು 15 ಕಿಲೋ ಹಿಮನದಿಯನ್ನು ಕರಗಿಸುತ್ತದೆ ಎಂದು 2018ರ ಅಧ್ಯಯನವೊಂದು ಲೆಕ್ಕ ಹಾಕಿತು. ಬೆಂಗಳೂರಿನಿಂದ ಜೂರಿಕ್‌ಗೆ ಹೋಗಿ ಬರುವ ಒಬ್ಬರ ಪಾಲು ಸುಮಾರು ಒಂದು ಟನ್ನೆಂದು ಕಡಿಮೆಯಲ್ಲೇ ಹಿಡಿದರೂ ಹದಿನೈದು ಟನ್ ಮಂಜುಗಡ್ಡೆ. ಆದ್ದರಿಂದ ಎಲ್ಲರೂ ಹೋಗಿ ನೋಡಿ ಎಂದು ನಾನು ಹೇಳಲಾರೆ. ಹಿಮನದಿಯನ್ನು ಅರಿಯುವ ಆಸೆಯಿದ್ದವರಿಗೆ ಹಿಮಾಲಯ ಹತ್ತಿರವಿದೆ. ಲಾಹುಲ್ ಪ್ರದೇಶದ ಛೋಟಾ ಶಿಗ್ರಿಯಲ್ಲಿ 2002ರಿಂದ ಇದೇ ಬಗೆಯ ಗಳುಗಳ ಅಳತೆ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದಲ್ಲೂ ಹಿಮಾಲಯದ ಹಿಮನದಿಗಳ ಅಧ್ಯಯನವಿದೆ. ಗೋಮುಖದ ದಾರಿ ಸೆಪ್ಟೆಂಬರ್-ಅಕ್ಟೋಬರಿನಲ್ಲೇ ನಡೆಯಲು ಹದವಾಗಿರುತ್ತದೆ. ಆದರೆ ಗಂಗೋತ್ರಿಯ ಕೆಳಭಾಗವನ್ನು ಕಲ್ಲುಮಣ್ಣು ದಪ್ಪವಾಗಿ ಮುಚ್ಚಿರುವುದರಿಂದ ಆಲೆಚ್‌ನಷ್ಟು ಸುಲಭವಾಗಿ ಅದು ಓದಿಗೆ ದಕ್ಕುವುದಿಲ್ಲ. ಪೂರ್ವ ಹಿಮಾಲಯದಲ್ಲಂತೂ ಮುಂಗಾರಿನ ತಿಂಗಳುಗಳಲ್ಲೇ ಹಿಮ ಬೀಳುವುದರಿಂದ ಜಮಾ-ಖರ್ಚು ಎರಡೂ ಒಂದೇ ಕಾಲದಲ್ಲಿ ನಡೆಯುತ್ತವೆ.

ನನ್ನ ಮಾತು ಹೇಗೂ ಹೋಗುವವರಿಗೆ. ಕೆಲಸಕ್ಕೆ ಅಲ್ಲೇ ನೆಲೆಸಿರುವ ಕನ್ನಡಿಗರಿಗೆ, ಯುರೋಪಿನಲ್ಲಿ ಓದುತ್ತಿರುವ ಮಕ್ಕಳನ್ನು ನೋಡಲು ಹೊರಟ ತಂದೆತಾಯಿಗೆ, ಟಿಕೆಟ್ ಕಾದಿರಿಸಿ ಆಗಿರುವವರಿಗೆ. ತಿಂಗಳನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ನಿಮಗಿದ್ದರೆ ಸೆಪ್ಟೆಂಬರ್ ಎರಡನೇ ವಾರದಿಂದ ಅಕ್ಟೋಬರ್ ಮಧ್ಯದೊಳಗೆ ಇಟ್ಟುಕೊಳ್ಳಿ. ತಿಂಗಳ ಕೊನೆಗೆ ಕೆಲವು ಕೇಬಲ್ ಕಾರ್‌ಗಳು ದುರಸ್ತಿಗೆ ನಿಲ್ಲುತ್ತವೆ. ಇಂಟರ್‌ಲಾಕೆನ್‌ನಿಂದ ಸ್ಪೀಟ್ಸ್ ಮಾರ್ಗವಾಗಿ ಬ್ರಿಗ್‌ಗೆ ರೈಲು, ಅಲ್ಲಿಂದ ಮೆರೆಲ್, ಕೇಬಲ್ ಕಾರ್‌ನಲ್ಲಿ ರೀಡರಾಲ್ಪ್, ಇನ್ನೊಂದರಲ್ಲಿ ಮೂಸ್‌ಫ್ಲೂ. ನೆತ್ತಿಯ ದಾರಿ ಹಿಡಿದು ರೀಡರ್‌ಫುರ್ಕಾಗೆ ಬಂದು, ಅಲ್ಲಿನ ನಿಸರ್ಗ ಕೇಂದ್ರದಲ್ಲಿ ಯಾವ ದಾರಿ ತೆರೆದಿದೆ, ಯಾವುದು ಮುಚ್ಚಿದೆ ಎಂದು ಕೇಳಿಕೊಂಡು, ಕಾಡಿನೊಳಗೆ ಹಳೆಯ ಕಲ್ಲುದಿಬ್ಬದವರೆಗೆ ಇಳಿದು ಹತ್ತಿದರೆ ಒಂದು ಹಗಲು ಸಾಕು. ಯುಂಗ್‌ಫ್ರಾಯೋಖ್‌ಗೆಂದು ತೆಗೆದಿಟ್ಟ ದಿನವನ್ನೇ ಇದಕ್ಕೆ ಕೊಡಬಹುದು.